ಮೈಕ್ರೋಬ್ಲೇಡಿಂಗ್ ಆದ ಮೇಲೆ ಕೊಡುವ ಆರೈಕೆ ಕಿಟ್: ಯಾವುದು ಬೇಕು, ಯಾವುದು ಬೇಡ

ಹುಬ್ಬಿಗೆ ಮೈಕ್ರೋಬ್ಲೇಡಿಂಗ್ ಮಾಡಿಸಿಕೊಂಡರೆ ಈಗ ಬಹಳಷ್ಟು ಕಡೆ ಕೈಗೊಂದು ಪುಟ್ಟ ಪೌಚ್ ಕೊಟ್ಟು ಕಳಿಸುತ್ತಾರೆ. ಆರೈಕೆ ಕಿಟ್ ಅಂತ ಅದಕ್ಕೆ ಹೆಸರು. ನನಗೆ ಸಿಕ್ಕಿದ್ದರಲ್ಲಿ ಒಂದು ಸಣ್ಣ ಟ್ಯೂಬ್ ಮುಲಾಮು, ನೊರೆ ಬರುವ ಕ್ಲೆನ್ಸರ್, ಗಾಜ್ (ಗಾಯಕ್ಕೆ ಬಳಸುವ ತೆಳು ಜಾಲರಿ ಬಟ್ಟೆ) ತುಂಡುಗಳು, ಸ್ನಾನ ಮಾಡುವಾಗ ಹಣೆಗೆ ಅಂಟಿಸಿಕೊಳ್ಳುವ ಪ್ಲಾಸ್ಟಿಕ್ ಹೊದಿಕೆಗಳು, ಹುಬ್ಬು ಬಾಚುವ ಬ್ರಷ್, ಒಂದು ಪುಟ್ಟ ಬಾಟಲಿ ಸೀರಂ ಮತ್ತು ಮಡಚಿಟ್ಟ ಸೂಚನೆಯ ಹಾಳೆ ಇದ್ದವು. ಹುಬ್ಬು ಪೂರ್ತಿ ಮಾಗಿ, ಟಚ್‌ಅಪ್ (ಕೆಲವು ವಾರದ ನಂತರ ಗೆರೆಗಳಿಗೆ ಮತ್ತೆ ಬಣ್ಣ ತುಂಬುವುದು) ಕೂಡ ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಿಜವಾಗಿ ಕೆಲಸಕ್ಕೆ ಬಂದದ್ದು ಗಾಜ್, ಮುಲಾಮು ಮತ್ತು ಆ ಹಾಳೆ. ಉಳಿದವು ಇಲ್ಲದಿದ್ದರೂ ನಡೆಯುತ್ತಿತ್ತು. ಆ ಸೀರಂ ಅಂತೂ ಪೌಚ್ ಒಳಗೆ ಇರಲೇಬಾರದಿತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಕಿಟ್‌ಗಳನ್ನು ಸೌಂದರ್ಯ ಸಾಮಗ್ರಿಯ ಹಾಗೆ ನೋಡಿ ಅಳೆಯಬಾರದು ಅಂತ ನನ್ನ ಅಭಿಪ್ರಾಯ. ಹೊಸದಾಗಿ ಮೈಕ್ರೋಬ್ಲೇಡಿಂಗ್ ಆದ ಹುಬ್ಬು ಅಂದರೆ ಗಾಯವಾದ ಚರ್ಮ. ಸಾಲಾಗಿ ಜೋಡಿಸಿದ ತೀರಾ ಸಣ್ಣ ಸೂಜಿಗಳಿರುವ ಕೈ ಉಪಕರಣದಿಂದ ಕೂದಲೆಳೆಯಂಥ ಗೀರು ಎಳೆದು, ಅದರೊಳಗೆ ಬಣ್ಣ ಇಳಿಸಿರುತ್ತಾರೆ. ಬಣ್ಣ ಚರ್ಮದ ಹೊರಪದರ ದಾಟಿ ಒಳಪದರದ ಮೇಲ್ಭಾಗದಲ್ಲಿ ಕೂರಬೇಕು. ತೀರಾ ಮೇಲೆ ಉಳಿದರೆ ಸಿಪ್ಪೆಯ ಜೊತೆ ಉದುರಿ ಹೋಗುತ್ತದೆ, ತೀರಾ ಆಳಕ್ಕೆ ಇಳಿದರೆ ಗೆರೆ ಹರಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆ ಆಳ ಮಾಡುವವರ ಕೈಯಲ್ಲಿದೆ, ಯಾವ ಮುಲಾಮೂ ಅದನ್ನು ತಿದ್ದುವುದಿಲ್ಲ. ಆದರೆ ಸರಿಯಾಗಿ ಕೂತ ಬಣ್ಣವನ್ನು ಹಾಳು ಮಾಡಿಕೊಳ್ಳದೆ ಗಾಯ ಮಾಗಿಸಿಕೊಳ್ಳುವುದು ಪೂರ್ತಿ ನಮ್ಮ ಕೈಯಲ್ಲಿದೆ. ಕಿಟ್ ಇರುವುದೂ ಅಷ್ಟಕ್ಕೇ.

ಗಾಜ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ಮೊದಲು ಬೇಕಾಗುವುದು ಅದೇ. ಮಾಡಿಸಿಕೊಂಡ ಮೊದಲ ಕೆಲವು ಗಂಟೆ ಹುಬ್ಬಿನ ಗೀರುಗಳಿಂದ ತಿಳಿ ಹಳದಿ ನೀರು ಜಿನುಗುತ್ತಲೇ ಇರುತ್ತದೆ. ಗಾಬರಿ ಬೇಡ, ಗಾಯ ಆದಾಗ ದೇಹ ಮಾಡುವ ಸಹಜ ಕೆಲಸ ಅದು. ಆದರೆ ಅದನ್ನು ಹಾಗೇ ಒಣಗಲು ಬಿಟ್ಟರೆ ಗಟ್ಟಿ ಹಕ್ಕಳೆ ಕಟ್ಟುತ್ತದೆ, ಹಕ್ಕಳೆ ದಪ್ಪ ಇದ್ದಷ್ಟೂ ಉದುರುವಾಗ ಬಣ್ಣವನ್ನು ಎಳೆದುಕೊಂಡು ಹೋಗುವ ಸಾಧ್ಯತೆ ಜಾಸ್ತಿ. ಹಾಗಾಗಿ ಮೊದಲ ದಿನ ಆಗಾಗ ಗಾಜ್ ಒತ್ತಿ ನೀರು ಹೀರಿಸಬೇಕು. ಒರೆಸುವುದಲ್ಲ, ಉಜ್ಜುವುದಂತೂ ಅಲ್ಲವೇ ಅಲ್ಲ, ಸುಮ್ನೆ ಒತ್ತಿ ಎತ್ತುವುದು. ಮನೆಯಲ್ಲಿರುವ ಹತ್ತಿ ಇದಕ್ಕೆ ಆಗುವುದಿಲ್ಲ, ಎಳೆ ಬಿಟ್ಟು ಗೀರಿಗೆ ಅಂಟಿಕೊಳ್ಳುತ್ತದೆ. ಕಿಟ್‌ನ ಗಾಜ್ ಒಂದೊಂದೂ ಬೇರೆ ಬೇರೆ ಪೊಟ್ಟಣದಲ್ಲಿ ಸೀಲ್ ಆಗಿತ್ತು, ಎಳೆ ಬಿಡಲಿಲ್ಲ, ಮೆತ್ತಗಿತ್ತು. ನನಗೆ ತುಂಬಾ ಇಷ್ಟವಾದ ವಸ್ತು ಇದು. ಕೊಟ್ಟದ್ದು ಮಾತ್ರ ಕಡಿಮೆ, ಎರಡು ಪಟ್ಟು ಕೊಡಬೇಕಿತ್ತು. ಔಷಧದ ಅಂಗಡಿಯಲ್ಲಿ ಸಿಗುವ ಸ್ಟೆರೈಲ್ ಗಾಜ್ ಕೂಡ ಇದೇ ಕೆಲಸ ಮಾಡುತ್ತದೆ, ಹಾಗಾಗಿ ಮಾಡಿಸಿಕೊಳ್ಳಲು ಹೋಗುವ ಮೊದಲೇ ಒಂದು ಪ್ಯಾಕ್ ತಂದಿಟ್ಟುಕೊಳ್ಳಿ.

ಕ್ಲೆನ್ಸರ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ವಾಸನೆ ಇಲ್ಲ, ಉರಿಯಲಿಲ್ಲ, ಪಂಪ್ ಒತ್ತಿದರೆ ನೊರೆಯಾಗಿಯೇ ಬರುತ್ತದೆ, ಹಾಗಾಗಿ ಉಜ್ಜಿ ನೊರೆ ಮಾಡುವ ಅಗತ್ಯವಿಲ್ಲ. ಇಷ್ಟು ಗುಣ ಇರುವ ಯಾವ ಸೌಮ್ಯ ಫೇಸ್‌ವಾಶ್ ಆದರೂ ನಡೆಯುತ್ತದೆ. ಬಾಟಲಿಗಿಂತ ತೊಳೆಯುವ ರೀತಿ ಮುಖ್ಯ. ಮೊದಲು ಕೈ ತೊಳೆದುಕೊಳ್ಳಬೇಕು, ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಆಮೇಲೆ ಬೆರಳ ತುದಿಯಲ್ಲಿ ನೊರೆ ತೆಗೆದುಕೊಂಡು ಕೂದಲು ಬೆಳೆದ ದಿಕ್ಕಿನಲ್ಲೇ ಹಗುರವಾಗಿ ಸವರಿ, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಶುಚಿಯಾದ ಗಾಜ್‌ನಿಂದ ಒತ್ತಿ ಒಣಗಿಸುವುದು. ಹುಬ್ಬನ್ನು ಮುಟ್ಟಲೇಬಾರದು, ನೀರೇ ತಾಗಿಸಬಾರದು ಅಂತ ಹೇಳುವವರಿದ್ದಾರೆ, ಅವರ ಮಾತು ನನಗೆ ಒಪ್ಪಿಗೆಯಿಲ್ಲ. ಎಣ್ಣೆ, ಬೆವರು, ಒಣಗಿದ ನೀರು ಎಲ್ಲವೂ ಗಾಯದ ಮೇಲೆ ಕೂತಿರಲು ಬಿಟ್ಟರೆ ಸೋಂಕಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಮಾಡಬಾರದ್ದು ನೆನೆಸುವುದು. ಶವರ್ ನೀರು ನೇರವಾಗಿ ಮುಖಕ್ಕೆ ಬೀಳುವಂತೆ ನಿಲ್ಲುವುದು, ಟಬ್‌ನಲ್ಲಿ ಮುಖ ಮುಳುಗಿಸುವುದು, ಹಬೆಯಲ್ಲಿ ತುಂಬಾ ಹೊತ್ತು ಇರುವುದು ಬೇಡ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹತ್ತಿರವೂ ತರಬೇಡಿ, ಅವು ಮಾಗುತ್ತಿರುವ ಹೊಸ ಜೀವಕೋಶಗಳಿಗೂ ಪೆಟ್ಟು ಕೊಡುತ್ತವೆ.

ಇನ್ನು ಮುಲಾಮು. ಕಿಟ್‌ನ ಜೀವ ಇರುವುದೇ ಇದರಲ್ಲಿ. ನನ್ನ ಟ್ಯೂಬ್ ಮೇಲೆ ಇದ್ದ ಪದಾರ್ಥಗಳ ಪಟ್ಟಿ ಚಿಕ್ಕದು: ಪೆಟ್ರೋಲಾಟಮ್, ಮಿನರಲ್ ಆಯಿಲ್, ಪ್ಯಾಂಥೆನಾಲ್, ಗ್ಲಿಸರಿನ್. ಬಣ್ಣ ಇಲ್ಲ, ವಾಸನೆ ಇಲ್ಲ. ಪಟ್ಟಿ ಓದಿದಾಗಲೇ ನನಗೆ ಅರ್ಧ ನೆಮ್ಮದಿ ಆಯಿತು. ಪೆಟ್ರೋಲಾಟಮ್ ಅಂದರೆ ನಮಗೆಲ್ಲ ಗೊತ್ತಿರುವ ಪೆಟ್ರೋಲಿಯಂ ಜೆಲ್ಲಿಯೇ. ಅದು ಚರ್ಮದ ಮೇಲೆ ಒಂದು ಪದರವಾಗಿ ನಿಂತು ಒಳಗಿನ ತೇವ ಹೊರಗೆ ಹೋಗದಂತೆ ತಡೆಯುತ್ತದೆ. ಗಾಯ ಪೂರ್ತಿ ಒಣಗಿಸಿದರೆ ಬೇಗ ವಾಸಿ ಅನ್ನುವುದು ಹಳೆಯ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಹಂದಿಗಳ ಚರ್ಮದ ಮೇಲೆ ಮಾಡಿದ ಪ್ರಯೋಗದಲ್ಲಿ, ಮೇಲೆ ಪಾಲಿಥಿನ್ ಮುಚ್ಚಿ ತೇವ ಉಳಿಸಿದ ಗಾಯದಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಮುಚ್ಚಿಕೊಂಡಿತು. ಗಾಯಕ್ಕೆ ಸ್ವಲ್ಪ ತೇವ ಬೇಕು ಅನ್ನುವ ಇವತ್ತಿನ ತಿಳಿವಳಿಕೆಗೆ ಬುನಾದಿ ಅದು.

ಆ "ಸ್ವಲ್ಪ" ಅನ್ನುವಲ್ಲೇ ಎಲ್ಲ ಇದೆ. ಎರಡೂ ಹುಬ್ಬಿಗೆ ಸೇರಿ ಒಂದು ಅಕ್ಕಿ ಕಾಳಿನಷ್ಟು ಮುಲಾಮು ಸಾಕು. ಹಚ್ಚಿದ ಮೇಲೆ ಹುಬ್ಬು ನಸು ಹೊಳೆಯಬೇಕು, ಬಿಳಿಯಾಗಿ ಮೆತ್ತಿಕೊಂಡಿರಬಾರದು. ಒಳ್ಳೆಯದು ಅಂತ ದಪ್ಪಗೆ ಬಳಿದರೆ ಹಕ್ಕಳೆ ನೆನೆದು ಮೆತ್ತಗಾಗುತ್ತದೆ, ಹೊತ್ತಿಗೆ ಮುಂಚೆ ಜಾರಿ ಹೋಗುತ್ತದೆ, ಸುತ್ತಲಿನ ರಂಧ್ರಗಳು ಮುಚ್ಚಿ ಮೊಡವೆ ಏಳುವುದೂ ಉಂಟು. ಹಸಿ ಇದ್ದಾಗಲೂ ಹಚ್ಚಬಾರದು, ತೊಳೆದು ಪೂರ್ತಿ ಒಣಗಿದ ಮೇಲೆಯೇ. ಇಷ್ಟು ಕಡಿಮೆ ಬೇಕಾಗುವಾಗ ಟ್ಯೂಬ್ ಚಿಕ್ಕದಾಗಿದ್ದರೇ ಒಳ್ಳೆಯದು, ಟ್ಯೂಬ್‌ನಲ್ಲಿ ಕೊಟ್ಟದ್ದೂ ಒಳ್ಳೆಯದು, ಯಾಕೆಂದರೆ ಡಬ್ಬಿಯಾದರೆ ಪ್ರತಿ ಸಲ ಬೆರಳು ಅದ್ದಬೇಕು, ಬೆರಳಿನಲ್ಲಿ ಇದ್ದದ್ದೆಲ್ಲ ಡಬ್ಬಿಗೆ ಹೋಗುತ್ತದೆ. ನಿಮಗೆ ಡಬ್ಬಿಯೇ ಸಿಕ್ಕಿದರೆ ಶುಚಿಯಾದ ಇಯರ್‌ಬಡ್‌ನಿಂದ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಸಿಗುವ ಹೆಸರಾಂತ ಮುಲಾಮುಗಳನ್ನು ಹಚ್ಚಬಹುದಾ ಅಂತ ಬಹಳ ಜನ ಕೇಳುತ್ತಾರೆ. ವ್ಯಾಸಲಿನ್‌ನ ಮೂಲ ಜೆಲ್ಲಿ ಬರೀ ಪೆಟ್ರೋಲಾಟಮ್, ಬೇರೇನೂ ಇಲ್ಲ. ಆಕ್ವಾಫೋರ್‌ನಲ್ಲಿ 41 ಶೇಕಡ ಪೆಟ್ರೋಲಾಟಮ್ ಜೊತೆಗೆ ಪ್ಯಾಂಥೆನಾಲ್, ಗ್ಲಿಸರಿನ್ ಮತ್ತು ಲ್ಯಾನೋಲಿನ್ ಆಲ್ಕೋಹಾಲ್ ಇದೆ. ಬಹುತೇಕರಿಗೆ ಎರಡೂ ಆಗಿಬರುತ್ತವೆ. ಆದರೆ ಲ್ಯಾನೋಲಿನ್ ಕುರಿಯ ಉಣ್ಣೆಯಿಂದ ಬರುವ ಮೇಣ, ಕೆಲವರ ಚರ್ಮಕ್ಕೆ ಅಲರ್ಜಿ ಆಗುತ್ತದೆ. ಲ್ಯಾನೋಲಿನ್ ಇರುವ ಕ್ರೀಮ್ ಹಚ್ಚಿ ಹಿಂದೆ ಯಾವಾಗಲಾದರೂ ತುರಿಕೆ ಬಂದಿದ್ದರೆ ಲ್ಯಾನೋಲಿನ್ ಇಲ್ಲದ್ದನ್ನೇ ಆರಿಸಿ.

ಅದಕ್ಕಿಂತ ಮುಖ್ಯವಾದದ್ದು ಆಂಟಿಬಯಾಟಿಕ್ ಮುಲಾಮಿನ ವಿಷಯ. ಮನೆಯಲ್ಲಿ ಒಂದು ಟ್ಯೂಬ್ ಇದ್ದೇ ಇರುತ್ತದೆ, ಗಾಯ ಅಂದ ಕೂಡಲೇ ಅದಕ್ಕೇ ಕೈ ಹೋಗುತ್ತದೆ ಅಲ್ವಾ? ವೈದ್ಯರು ಹೇಳದೆ ಹುಬ್ಬಿಗೆ ಅದು ಬೇಡ. ಇಂಥ ಮುಲಾಮುಗಳಲ್ಲಿ ಇರುವ ನಿಯೋಮೈಸಿನ್ ಮತ್ತು ಬ್ಯಾಸಿಟ್ರಾಸಿನ್ ಎರಡೂ ಚರ್ಮದ ಅಲರ್ಜಿಗೆ ಹೆಸರಾದವು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ (ಏನಾದರೂ ತಾಗಿ ಬರುವ ಚರ್ಮದ ಉರಿಯೂತ) ತಜ್ಞರ ಸಂಘ 2003ರಲ್ಲಿ ಬ್ಯಾಸಿಟ್ರಾಸಿನ್ ಅನ್ನು, 2010ರಲ್ಲಿ ನಿಯೋಮೈಸಿನ್ ಅನ್ನು 'ವರ್ಷದ ಅಲರ್ಜಿಕಾರಕ' ಅಂತ ಗುರುತಿಸಿತ್ತು. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಚರ್ಮದ ಸಣ್ಣ ಶಸ್ತ್ರಚಿಕಿತ್ಸೆ ಆದ 900ಕ್ಕೂ ಹೆಚ್ಚು ಜನರಲ್ಲಿ ಕೆಲವರಿಗೆ ಬ್ಯಾಸಿಟ್ರಾಸಿನ್, ಉಳಿದವರಿಗೆ ಬರೀ ಬಿಳಿ ಪೆಟ್ರೋಲಾಟಮ್ ಕೊಟ್ಟು ನೋಡಿದರು. ಸೋಂಕಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಅಲರ್ಜಿ ಕಂಡದ್ದು ಮಾತ್ರ ಬ್ಯಾಸಿಟ್ರಾಸಿನ್ ಹಚ್ಚಿದವರಲ್ಲಿ. ಅದು ಹುಬ್ಬಿನ ಮೇಲೆ ಮಾಡಿದ ಅಧ್ಯಯನ ಅಲ್ಲ, ನಿಜ. ಆದರೂ ಶುಚಿಯಾಗಿ ಮಾಡಿದ ಸಣ್ಣ ಗಾಯಕ್ಕೆ ಸಾದಾ ಜೆಲ್ಲಿ ಸಾಕು ಅನ್ನುವ ಧೈರ್ಯ ನನಗೆ ಬಂದದ್ದು ಅದರಿಂದ. ಕಿಟ್ ಮಾಡಿದವರು ಆಂಟಿಬಯಾಟಿಕ್ ಸೇರಿಸದೆ ಬಿಟ್ಟದ್ದಕ್ಕೆ ನನ್ನ ಕಡೆಯಿಂದ ಪೂರ್ತಿ ಅಂಕ.

ಮುಲಾಮೇ ಹಚ್ಚದೆ ಒಣಗಿಸಿ ಮಾಗಿಸುವ ಪದ್ಧತಿಯೂ ಇದೆ, ಅನುಭವಿ ಕಲಾವಿದರಲ್ಲೇ ಎರಡು ಪಂಗಡ. ಎಣ್ಣೆ ಚರ್ಮದವರಿಗೆ ಒಣ ಪದ್ಧತಿ ಕೆಲವು ಸಲ ಚೆನ್ನಾಗಿ ಹೊಂದುತ್ತದೆ, ಅವರ ಚರ್ಮವೇ ಬೇಕಾದಷ್ಟು ಜಿಡ್ಡು ಬಿಡುತ್ತದೆ. ನನ್ನದು ಒಣ ಚರ್ಮ, ಮುಲಾಮು ಇಲ್ಲದಿದ್ದರೆ ಬಿಗಿತ ತಡೆಯಲು ಆಗುತ್ತಿರಲಿಲ್ಲ. ಏನೇ ಇರಲಿ, ನಿಮಗೆ ಮಾಡಿದವರು ಯಾವ ಪದ್ಧತಿ ಹೇಳಿದರೋ ಅದನ್ನೇ ಕೊನೆಯವರೆಗೆ ಹಿಡಿಯಿರಿ. ಅರ್ಧ ದಾರಿಯಲ್ಲಿ ಇನ್ನೊಬ್ಬರ ಮಾತು ಕೇಳಿ ಬದಲಿಸಬೇಡಿ.

ಈಗ ಆ ಹಾಳೆ. ಒಂದು ಕಾಗದಕ್ಕೆ ಇಷ್ಟು ಹೊಗಳಿಕೆಯಾ ಅಂತ ಅನ್ನಿಸಬಹುದು. ಆದರೆ ಹುಬ್ಬು ಮಾಗುವಾಗ ಮನಸ್ಸನ್ನು ಕೆಡಿಸುವುದು ನೋವಲ್ಲ, ದಿನದಿನವೂ ಬದಲಾಗುವ ಅದರ ರೂಪ. ಮೊದಲ ಎರಡು ಮೂರು ದಿನ ಬಣ್ಣ ತುಂಬಾ ಗಾಢ, ಗೆರೆ ದಪ್ಪ, ಸುತ್ತ ಕೆಂಪು, ಸ್ವಲ್ಪ ಊತ. ಕನ್ನಡಿ ನೋಡಿದರೆ ಪೆನ್ನಿನಿಂದ ಬರೆದ ಹಾಗೆ ಕಾಣುತ್ತದೆ. ಆಮೇಲೆ, ಸುಮಾರು ನಾಲ್ಕನೇ ಐದನೇ ದಿನಕ್ಕೆ, ತೆಳು ಹಕ್ಕಳೆ ಕಟ್ಟಿ ತುರಿಕೆ ಶುರುವಾಗುತ್ತದೆ. ಒಂದು ವಾರ ದಾಟುವ ಹೊತ್ತಿಗೆ ಸಿಪ್ಪೆ ಏಳುತ್ತದೆ, ಅದೂ ಒಂದೇ ಸಮ ಅಲ್ಲ, ಅಲ್ಲಲ್ಲಿ. ಎರಡನೇ ವಾರದ ಕೊನೆಗೆ ಸಿಪ್ಪೆ ಹೋದ ಮೇಲೆ ನೋಡಿದರೆ ಹುಬ್ಬೇ ಇಲ್ಲ! ಗೆರೆಗಳು ಮಸುಕಾಗಿ, ಕೆಲವು ಕಡೆ ಪೂರ್ತಿ ಮಾಯವಾದಂತೆ ಕಾಣುತ್ತವೆ. ಬಹಳ ಜನ ಕಂಗಾಲಾಗುವುದು ಇಲ್ಲೇ. ಎಲ್ಲ ಹಾಳಾಯಿತು ಅಂತ ಅತ್ತವರನ್ನು ನಾನು ಬಲ್ಲೆ.

ನನ್ನ ಹಾಳೆಯಲ್ಲಿ ಆ ಹಂತದ ಬಗ್ಗೆ ದೊಡ್ಡ ಅಕ್ಷರದಲ್ಲಿ ಬರೆದಿದ್ದರು, ಕಾರಣವನ್ನೂ ಕೊಟ್ಟಿದ್ದರು. ಗೀರಿನ ಮೇಲೆ ಹೊಸದಾಗಿ ಬೆಳೆದ ಚರ್ಮ ಮೊದಮೊದಲು ಮಬ್ಬಾಗಿರುತ್ತದೆ. ಹಬೆ ಕೂತ ಗಾಜಿನ ಆಚೆಗಿನ ವಸ್ತು ಕಂಡ ಹಾಗೆ, ಬಣ್ಣ ಕೆಳಗೆ ಇದ್ದರೂ ಸರಿಯಾಗಿ ಕಾಣುವುದಿಲ್ಲ. ಚರ್ಮದ ಹೊರಪದರ ಒಂದು ಸುತ್ತು ಹೊಸದಾಗಲು ಸುಮಾರು 4 ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಅದು ತಿಳಿಯಾಗುತ್ತಾ ಬಂದಂತೆ ಗೆರೆಗಳು ಮತ್ತೆ ಮೇಲೆ ಬರುತ್ತವೆ. ಹಾಗಾಗಿ 4ರಿಂದ 6 ವಾರದ ತನಕ ತೀರ್ಪು ಕೊಡಬೇಡಿ. ಟಚ್‌ಅಪ್ ಅನ್ನು ಸಾಮಾನ್ಯವಾಗಿ 4ರಿಂದ 8 ವಾರದ ನಡುವೆ ಇಡುವುದೂ ಇದಕ್ಕೇ. ಎರಡನೇ ವಾರವೇ ಹೋಗಿ ಮತ್ತೆ ತುಂಬಿಸಿ ಅಂತ ಕೇಳಿದರೆ, ಒಪ್ಪದೆ ವಾಪಸ್ ಕಳಿಸುವವರೇ ಒಳ್ಳೆಯ ಕಲಾವಿದರು. ಮಾಗದ ಚರ್ಮವನ್ನು ಮತ್ತೆ ಗೀರಿದರೆ ಕಲೆ ಉಳಿಯುವ ಅಪಾಯ ಇದೆ.

ತುರಿಕೆಯ ಬಗ್ಗೆ ಹಾಳೆ ಹೇಳಿದ್ದು "ಕೆರೆಯಬೇಡಿ" ಅಂತ ಮಾತ್ರ. ಅದು ಸಾಲದು. ನಿದ್ದೆಯಲ್ಲಿ ಕೈ ತಾನಾಗಿಯೇ ಹೋಗುತ್ತದೆ, ಆಗ ಏನು ಮಾಡುವುದು? ನನಗೆ ಉಪಯೋಗ ಆದದ್ದು ಉಗುರು ಪೂರ್ತಿ ಕತ್ತರಿಸಿಕೊಂಡದ್ದು, ಬೆನ್ನ ಮೇಲೆ ಮಲಗಿದ್ದು, ದಿಂಬಿನ ಕವರ್ ಆಗಾಗ ಬದಲಿಸಿದ್ದು. ಹಗಲಲ್ಲಿ ತುರಿಕೆ ತಡೆಯದಾದಾಗ ಶುಚಿಯಾದ ಬೆರಳಿನಿಂದ ಹುಬ್ಬಿನ ಮೇಲ್ಭಾಗದ ಹಣೆಯನ್ನು ಒತ್ತಿದರೆ ಸಮಾಧಾನ ಆಗುತ್ತದೆ, ಗೆರೆಗೆ ತೊಂದರೆ ಇಲ್ಲ. ನೇತಾಡುವ ಸಿಪ್ಪೆ ಕಂಡರೆ ಎಳೆಯುವ ಆಸೆ ಬಹಳ ಆಗುತ್ತದೆ. ಎಳೆಯಬೇಡಿ, ದಯವಿಟ್ಟು. ಅದು ಬಿಟ್ಟ ಜಾಗದಲ್ಲೇ ಬಣ್ಣ ಇಲ್ಲದ ತೇಪೆ ಉಳಿಯುವುದು.

ಹಾಳೆ ಬಿಟ್ಟುಬಿಟ್ಟ ಇನ್ನೊಂದು ದೊಡ್ಡ ವಿಷಯ ನಾವು ದಿನಾ ಹಚ್ಚುವ ಕ್ರೀಮ್‌ಗಳದ್ದು. ರೆಟಿನಾಲ್, ಗ್ಲೈಕೋಲಿಕ್ ಆಸಿಡ್, ಸ್ಯಾಲಿಸಿಲಿಕ್ ಆಸಿಡ್, ಸ್ಕ್ರಬ್, ಇವೆಲ್ಲ ಚರ್ಮದ ಮೇಲ್ಪದರವನ್ನು ಬೇಗ ಉದುರಿಸುವಂಥವು. ಮಾಗುವಾಗ ಹುಬ್ಬಿಗೂ ಹಣೆಗೂ ಅವು ಬೇಡವೇ ಬೇಡ. ಮಾಗಿದ ಮೇಲೂ ಹುಬ್ಬನ್ನು ಬಿಟ್ಟು ಹಚ್ಚಿದರೆ ಬಣ್ಣ ಜಾಸ್ತಿ ದಿನ ಉಳಿಯುತ್ತದೆ. ಹಣೆಗೆ ಹಚ್ಚಿದ ಕ್ರೀಮ್ ರಾತ್ರಿ ಹುಬ್ಬಿನವರೆಗೂ ಹರಿದು ಬರುತ್ತದೆ ಅನ್ನುವುದನ್ನು ನೆನಪಿಡಿ. ವ್ಯಾಯಾಮ, ಈಜು, ಸೌನಾ ಇವನ್ನು ಹಾಳೆ ಒಂದು ಸಾಲಿನಲ್ಲಿ ಮುಗಿಸಿತ್ತು. ಬೆವರು ಸುರಿಯುವ ವ್ಯಾಯಾಮಕ್ಕೆ ಕನಿಷ್ಠ ಒಂದು ವಾರ ರಜೆ ಕೊಡಿ, ಈಜಿಗೆ ಸಿಪ್ಪೆ ಪೂರ್ತಿ ಹೋಗುವ ತನಕ. ಈಜುಕೊಳದ ಕ್ಲೋರಿನ್ ಗಾಯವನ್ನು ಕೆಣಕುತ್ತದೆ, ಕೆರೆ ಸಮುದ್ರದ ನೀರಿನಲ್ಲಿ ಸೋಂಕಿನ ಭಯ. ಹುಬ್ಬಿನ ಮೇಲೆ ಮೇಕಪ್ ಕೂಡ ಅಲ್ಲಿಯವರೆಗೆ ಬೇಡ.

ಸ್ನಾನದ ಹೊದಿಕೆ ನೋಡಲು ಚೆನ್ನಾಗಿದೆ, ಆದರೆ ಅಂಟು ತೆಗೆಯುವಾಗ ಹಣೆಯ ಚರ್ಮ ಎಳೆಯುತ್ತದೆ, ಒಳಗೆ ಹಬೆಯೂ ತುಂಬುತ್ತದೆ. ತಲೆ ಹಿಂದಕ್ಕೆ ಬಾಗಿಸಿ ಕೂದಲು ತೊಳೆದರೆ ಅದರ ಅಗತ್ಯವೇ ಇಲ್ಲ. ಬ್ರಷ್ ಅನ್ನು ಸಿಪ್ಪೆ ಏಳುವಾಗ ಮುಟ್ಟಲೇಬಾರದು, ಮಾಗಿದ ಮೇಲೆ ಬಳಸಿ.

ಸೀರಂ ವಿಷಯಕ್ಕೆ ಬರುತ್ತೇನೆ. "ಬೇಗ ಮಾಗಲು, ಬಣ್ಣ ಹೊಳೆಯಲು" ಅಂತ ಲೇಬಲ್. ಪಟ್ಟಿಯಲ್ಲಿ ಟೀ ಟ್ರೀ ಎಣ್ಣೆ, ಲ್ಯಾವೆಂಡರ್ ಎಣ್ಣೆ, ಮೇಲಿಂದ ಸುಗಂಧ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಗಾಯಕ್ಕೆ ಒಳ್ಳೆಯದು ಅಂತ ಆಗುವುದಿಲ್ಲ. ಈ ಎಣ್ಣೆಗಳಿಗೆ ಚರ್ಮದ ಅಲರ್ಜಿ ಆಗುವುದು ಗೊತ್ತಿರುವ ಸಂಗತಿ, ತೆರೆದ ಚರ್ಮದ ಮೇಲೆ ಹಚ್ಚಿದರೆ ಕೆಣಕುವ ಸಾಧ್ಯತೆ ಇನ್ನೂ ಜಾಸ್ತಿ. ನಾನು ಬಾಟಲಿ ತೆರೆಯಲೇ ಇಲ್ಲ. ಅಷ್ಟು ಯೋಚಿಸಿ ಮುಲಾಮು ಆರಿಸಿದವರು ಇದನ್ನು ಯಾಕೆ ಸೇರಿಸಿದರೋ ತಿಳಿಯದು, ಈ ಒಂದು ವಸ್ತು ಕಿಟ್‌ನ ಬೆಲೆಯನ್ನು ಸುಮ್ನೆ ಏರಿಸುತ್ತದೆ. ಕಿಟ್ ಕೊಳ್ಳುವ ಮುಂಚೆ ಬಿಡಿಬಿಡಿಯಾಗಿ ಕೊಡುತ್ತೀರಾ ಅಂತ ಕೇಳಿ ನೋಡಿ.

ಯಾವ ಕಿಟ್‌ನಿಂದಲೂ ಬಗೆಹರಿಯದ ಕೆಲವು ಲಕ್ಷಣಗಳಿವೆ, ಅವು ಕಂಡರೆ ಕಲಾವಿದರಿಗೆ ಫೋಟೋ ಕಳಿಸುತ್ತಾ ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಮೂರು ದಿನದ ನಂತರ ಕಡಿಮೆಯಾಗಬೇಕಾದ ಕೆಂಪು ಹರಡುತ್ತಾ ಹೋಗುವುದು, ಮುಟ್ಟಿದರೆ ಬಿಸಿ, ಹಳದಿ ಹಸಿರು ಕೀವು, ಹೆಚ್ಚುವ ನೋವು, ಜ್ವರ. ಅಲರ್ಜಿಯಾದರೆ ಸಣ್ಣ ಗುಳ್ಳೆ, ನೀರು ತುಂಬಿದ ಬೊಕ್ಕೆ, ಕಣ್ಣಿನ ರೆಪ್ಪೆಯವರೆಗೂ ಊತ ಬರಬಹುದು. ಇದು ಕಣ್ಣಿಗೆ ತೀರಾ ಹತ್ತಿರದ ಜಾಗ, ತಡ ಮಾಡುವುದು ಬೇಡ. ಗಾಯ ಉಬ್ಬಿ ಕೀಲಾಯ್ಡ್ ಆಗುವ ಚರ್ಮದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು ಮಾಡಿಸಿಕೊಳ್ಳುವ ಮೊದಲೇ ವೈದ್ಯರನ್ನು ಕೇಳಬೇಕು. ಗರ್ಭಿಣಿಯರು ಮುಂದೂಡುವುದೇ ಒಳ್ಳೆಯದು. ಇನ್ನೊಂದು ಮಾತು, ಈ ಬಣ್ಣಗಳಲ್ಲಿ ಬಹಳಷ್ಟಕ್ಕೆ ಕಬ್ಬಿಣದ ಆಕ್ಸೈಡ್ ಹಾಕಿರುತ್ತಾರೆ. ಎಂಆರ್‌ಐ ಮಾಡುವಾಗ ಅಪರೂಪಕ್ಕೆ ಆ ಜಾಗ ಬಿಸಿಯಾಗಿ ಉರಿಯುವುದು, ಊದುವುದು ಉಂಟು. ಹಾಗಂತ ಅಗತ್ಯದ ಸ್ಕ್ಯಾನ್ ಬಿಡಬಾರದು, ಹುಬ್ಬಿಗೆ ಬಣ್ಣ ಹಾಕಿಸಿದ್ದೇನೆ ಅಂತ ಮೊದಲೇ ತಿಳಿಸಿದರೆ ಆಯಿತು.

ನನ್ನನ್ನು ಕೇಳಿದರೆ ಆ ಸೀರಂ ಬದಲಿಗೆ ಪೌಚ್‌ನಲ್ಲಿ ಒಂದು ಸನ್‌ಸ್ಕ್ರೀನ್ ಇಡಬೇಕಿತ್ತು. ಮೈಕ್ರೋಬ್ಲೇಡಿಂಗ್ ಬಣ್ಣ ಸಾಮಾನ್ಯವಾಗಿ 1ರಿಂದ 3 ವರ್ಷ ಉಳಿಯುತ್ತದೆ, ಅದನ್ನು ಕಡಿಮೆ ಮಾಡುವುದರಲ್ಲಿ ಬಿಸಿಲಿನ ಪಾಲು ದೊಡ್ಡದು. ಹಸಿ ಗಾಯಕ್ಕೆ ಸನ್‌ಸ್ಕ್ರೀನ್ ಹಚ್ಚಬಾರದು, ಆಗ ಅಗಲ ಅಂಚಿನ ಟೋಪಿಯೇ ಗತಿ. ಸಿಪ್ಪೆ ಪೂರ್ತಿ ಹೋಗಿ ಚರ್ಮ ನುಣುಪಾದ ಮೇಲೆ ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದನ್ನು ಹುಬ್ಬಿನ ಮೇಲೂ ಹಚ್ಚಿ. ಕಡ್ಡಿಯಂತೆ ಬರುವ ಸನ್‌ಸ್ಕ್ರೀನ್ ನನಗೆ ಹೆಚ್ಚು ಅನುಕೂಲ ಆಯಿತು, ಕಣ್ಣಿಗೆ ಇಳಿಯುವುದಿಲ್ಲ, ಹುಬ್ಬಿನ ಕೂದಲಿಗೆ ಬಿಳಿ ಮೆತ್ತುವುದೂ ಕಡಿಮೆ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು.